ಹೋಟೆಲಿನ ಮೇಜಿಗೆ ನಾವು ಬಂದ ದಾರಿ

ದೂರದ ಊರಿನಲ್ಲಿ ನೆಲೆಸಿದ ಮಗನೋ ಮಗಳೋ ರಜೆಯ ಮೇಲೆ ಮನೆಗೆ ಬಂದರೆ, ಆ ವಾರದೊಳಗೆ ಒಂದು ದಿನ ಮನೆಮಂದಿಯೆಲ್ಲ ಕೂಡಿ ಹೋಟೆಲಿಗೆ ಹೋಗಿ ಊಟ ಮಾಡಿ ಬರುವುದು ಈಗ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಹೆಚ್ಚುಕಡಿಮೆ ಒಂದು ಆಚಾರವೇ ಆಗಿದೆ. ಬಂದ ದಿನ ಮನೆಯ ಅಡುಗೆ. ಪ್ರಯಾಣದ ಆಯಾಸ ಕಳೆದ ಮೇಲೆ ಅಕ್ಕ ಭಾವಂದಿರು, ಚಿಕ್ಕಪ್ಪನ ಮಕ್ಕಳು, ಮೊಮ್ಮಕ್ಕಳು ಎಂದು ಹತ್ತು ಹದಿನೈದು ಜನ ಸೇರಿ, ಎರಡು ಮೂರು ಮೇಜುಗಳನ್ನು ಜೋಡಿಸಿಕೊಂಡು ಕೂಡುವ ಊಟ.

ಈ ಪದ್ಧತಿಯ ಬಗ್ಗೆ ನಮ್ಮ ಬಂಧುವರ್ಗದಲ್ಲಿ ಎರಡು ಪಕ್ಷಗಳಿವೆ. "ಎರಡು ವರ್ಷಕ್ಕೊಮ್ಮೆ ಬರುವ ಮಗುವಿಗೆ ಬೇಯಿಸಿ ಹಾಕುವಷ್ಟು ತ್ರಾಣವೂ ನಿಮಗೆ ಇಲ್ಲವಾಯಿತೆ? ಮನೆಯ ಊಟಕ್ಕೆಂದು ಬಂದವರನ್ನು ಹೋಟೆಲಿಗೆ ಕರೆದೊಯ್ಯುತ್ತೀರಲ್ಲ" ಎಂಬುದು ಹಿರಿಯರ ಆಕ್ಷೇಪ. "ಒಂದು ಹೊತ್ತಾದರೂ ಎಲ್ಲರೂ ಆರಾಮವಾಗಿ ಕುಳಿತು ಮಾತಾಡೋಣವೆಂದರೆ ಅದಕ್ಕೂ ತಕರಾರೆ?" ಎಂಬುದು ಕಿರಿಯರ ಉತ್ತರ. ಈ ಚರ್ಚೆ ನನ್ನ ಎದುರಿನಲ್ಲಿಯೇ ಎಷ್ಟೋ ಸಲ ನಡೆದಿದೆ. ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳಾದ್ದರಿಂದ, ಯಾರ ಪಕ್ಷ ವಹಿಸುವುದಕ್ಕೂ ಮೊದಲು ಈ ಊಟದ ಚರಿತ್ರೆಯನ್ನು ಒಮ್ಮೆ ನೋಡಬೇಕೆನ್ನಿಸಿತು. ತಾಯಿ, ತಂದೆ, ಬೆಳೆದ ಮಕ್ಕಳು ಒಂದೇ ಮೇಜಿನ ಸುತ್ತ, ಒಂದೇ ಹೊತ್ತಿಗೆ, ಅಪರಿಚಿತರ ನಡುವೆ ಕುಳಿತು ಉಣ್ಣುವುದು ನಮ್ಮಲ್ಲಿ ಸಾಮಾನ್ಯವಾದದ್ದು ಕೇವಲ ಎರಡು ಮೂರು ತಲೆಮಾರುಗಳಿಂದ. ಆ ಮೇಜಿಗೆ ಬಂದು ತಲುಪಲು ನಾವು ದಾಟಿದ ಹೊಸ್ತಿಲುಗಳು ಸಣ್ಣವೇನಲ್ಲ.

ಅನ್ನವನ್ನು ಮಾರದ ಕಾಲ

ನಮ್ಮ ತಿಂಡಿಗಳು ಹಳೆಯವು. ಹತ್ತನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿ ಇಡ್ಡಲಿಗೆಯ ಹೆಸರಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಜನಕ್ಕೆಂದೇ ಒಂದು ಭಾಗವಿದೆ. ಆದರೆ ಅಡುಗೆ ಎಷ್ಟೇ ಹಳೆಯದಾದರೂ, ಬೇಯಿಸಿದ ಅನ್ನವನ್ನು ಹಣಕ್ಕೆ ಕೊಟ್ಟು ಕೊಳ್ಳುವುದು ಮರ್ಯಾದಸ್ಥರಿಗೆ ಸಲ್ಲದ ಕೆಲಸವೆಂಬ ಭಾವನೆ ಬಹುಕಾಲ ಇತ್ತು. ಅನ್ನ ದಾನ ಮಾಡಬೇಕಾದ ವಸ್ತು. ಯಾರು ಬೇಯಿಸಿದರು, ಯಾರು ಬಡಿಸಿದರು, ಪಕ್ಕದಲ್ಲಿ ಯಾರು ಕುಳಿತರು ಎಂಬುದೆಲ್ಲ ಊಟದ ಭಾಗವೇ ಆಗಿದ್ದುದರಿಂದ, ಗುರುತಿಲ್ಲದ ಕೈಯ ಅನ್ನ ಅನುಮಾನದ್ದು.

ಹಾಗಾದರೆ ಊರು ಬಿಟ್ಟವರು ಏನು ಮಾಡುತ್ತಿದ್ದರು? ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಛತ್ರಗಳಿದ್ದವು, ಅವೂ ಜಾತಿಯ ಲೆಕ್ಕದಲ್ಲಿ. ಮೈಸೂರಿಗೋ ತುಮಕೂರಿಗೋ ಓದಲು ಹೋದ ಹುಡುಗ ವಾರಾನ್ನದಿಂದ ಬದುಕುತ್ತಿದ್ದ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಭಾಗ್ಯವೂ ಎಲ್ಲ ಜಾತಿಯ ಹುಡುಗರಿಗೆ ಇರಲಿಲ್ಲ. ಸಿದ್ಧಗಂಗೆಯಂತಹ ಮಠಗಳ ದಾಸೋಹ ಮತ್ತು ಬೇರೆ ಬೇರೆ ಸಮುದಾಯಗಳು ಇಪ್ಪತ್ತನೆಯ ಶತಮಾನದ ಆರಂಭದಿಂದ ಕಟ್ಟಿದ ವಿದ್ಯಾರ್ಥಿನಿಲಯಗಳು ಬಂದ ಮೇಲೆಯೇ ಹಳ್ಳಿಯ ಅನೇಕ ಮಕ್ಕಳಿಗೆ ಪೇಟೆಯಲ್ಲಿ ಎರಡು ಹೊತ್ತಿನ ಊಟ ಖಚಿತವಾಯಿತು.

ಹೀಗೆ ಪರರ ಮನೆಯಲ್ಲಿ ಉಂಡು ಓದಿದ ಮಗ ಊರಿಗೆ ಬಂದಾಗ ನಡೆಯುತ್ತಿದ್ದ ಸ್ವಾಗತವನ್ನು ನಮ್ಮ ಹಿರಿಯರು ಬಾಯಿ ಚಪ್ಪರಿಸಿ ವರ್ಣಿಸುತ್ತಾರೆ. ಎಣ್ಣೆ ಸ್ನಾನ, ಹೋಳಿಗೆ ಅಥವಾ ಪಾಯಸ, ಎಳೆಯ ಬಾಳೆಲೆ, ಅಪ್ಪನ ಪಕ್ಕದಲ್ಲಿ ಮಣೆ. ಆ ಚಿತ್ರದಲ್ಲಿ ತಾಯಿ ಎಲ್ಲಿದ್ದಳು ಎಂದು ಕೇಳಿ ನೋಡಿ. ಅವಳು ಬಡಿಸುತ್ತಿದ್ದಳು. ಗಂಡಸರ ಪಂಕ್ತಿ, ಮಕ್ಕಳ ಪಂಕ್ತಿ ಎದ್ದ ಮೇಲೆ ಹೆಂಗಸರ ಪಂಕ್ತಿ. ಮಗ ಎಲೆ ಮುಗಿಸಿ ಜಗಲಿಯಲ್ಲಿ ಒರಗಿ ನಿದ್ದೆ ಹೋದ ಮೇಲೆ ತಾಯಿ ಅಡುಗೆಮನೆಯ ಮೂಲೆಯಲ್ಲಿ ಕುಳಿತು ತಳದಲ್ಲಿ ಉಳಿದ ಸಾರಿನಲ್ಲಿ ಅನ್ನ ಕಲಸುತ್ತಿದ್ದಳು. ಮಗನ ಊಟವನ್ನು ಅವಳು ಕಣ್ತುಂಬ ನೋಡಿದ್ದು ನಿಜ. ಮಗನೊಡನೆ ಕುಳಿತು ಅವಳು ಉಂಡದ್ದು ಮಾತ್ರ ಎಷ್ಟು ಸಲ ಎಂದರೆ ಬೆರಳೆಣಿಕೆಗೂ ಸಿಕ್ಕುವುದಿಲ್ಲ.

ಕರಾವಳಿಯ ಹುಡುಗರು

ಅನ್ನವನ್ನು ಮಾರುವ ಸಂಕೋಚವನ್ನು ನಮ್ಮ ನಾಡಿನಲ್ಲಿ ಮುರಿದವರಲ್ಲಿ ಮೊದಲಿಗೆ ನೆನೆಯಬೇಕಾದವರು ಕರಾವಳಿಯವರು. ಉಡುಪಿ, ಕುಂದಾಪುರ ಸುತ್ತಿನ ಭೂಮಿ ಬೆಳೆದ ಮನೆಮಂದಿಗೆಲ್ಲ ಸಾಲುತ್ತಿರಲಿಲ್ಲ. 1923ರ ಮಹಾಪ್ರವಾಹ ದಕ್ಷಿಣ ಕನ್ನಡದಲ್ಲಿ ಅನೇಕ ಕುಟುಂಬಗಳನ್ನು ಬೀದಿಗೆ ತಂದಿತು. ಮುಂದೆ 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಭೂಮಿ ಸಂದಾಗ, ಗೇಣಿಯನ್ನೇ ನಂಬಿದ್ದ ಕುಟುಂಬಗಳಿಂದ ಇನ್ನೊಂದು ಅಲೆ ಪೇಟೆಗಳಿಗೆ ಹೊರಟಿತು. ದೇವಸ್ಥಾನ, ಮಠಗಳ ಪಾಕಶಾಲೆಯಲ್ಲಿ ನೂರಾರು ಜನಕ್ಕೆ ಅಡುಗೆ ಮಾಡಿ ಪಳಗಿದ ಕೈಗಳು ಅವರಲ್ಲಿದ್ದವು. ಬ್ರಾಹ್ಮಣರು ಮಾಡಿದ ಅಡುಗೆಯೆಂದರೆ ಆ ಕಾಲದ ಹೆಚ್ಚಿನ ಗಿರಾಕಿಗಳಿಗೆ ಆಕ್ಷೇಪವಿಲ್ಲ ಎಂಬುದೂ ಅವರಿಗೆ ಅನುಕೂಲವಾಯಿತು.

ಉಡುಪಿಯ ಸೀಮೆಯಿಂದ ಮದರಾಸಿಗೆ ಹೋದ ಕೆ. ಕೃಷ್ಣರಾಯರು 1920ರ ದಶಕದಲ್ಲಿ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ತೆರೆದರು. ಮುಂದಿನ ದಶಕದ ಕೊನೆಗೆ ಅವರ ವುಡ್‌ಲ್ಯಾಂಡ್ಸ್ ಬಂದಿತು. ಬೆಂಗಳೂರಿನಲ್ಲಿ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಹೋಟೆಲೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ, ಹೆಸರೇ ಹೇಳುವಂತೆ, ಸುತ್ತಲಿನ ಶಾಲೆಗಳ ವಿದ್ಯಾರ್ಥಿಗಳಿಗಾಗಿ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಓದಿದವರಿಗೆ ಕರಾವಳಿಯ ಕುಟುಂಬವೊಂದು ಹೋಟೆಲು ಇಟ್ಟು ಬದುಕಲು ಬೆಂಗಳೂರಿಗೆ ಹೋಗುವ ಭಾಗ ನೆನಪಿರಬಹುದು. ಉತ್ತರ ಕರ್ನಾಟಕದಲ್ಲಿ ಇದೇ ಕೆಲಸವನ್ನು ಖಾನಾವಳಿಗಳು ಮಾಡಿದವು. ಹಳೆಯ ಮೈಸೂರು ಸೀಮೆಯಲ್ಲಿ ಮಾಂಸಾಹಾರದ ಹೋಟೆಲುಗಳಿಗೆ ಮಿಲಿಟರಿ ಹೋಟೆಲು ಎಂಬ ಹೆಸರು ಬಿದ್ದಿತು.

ಈ ಮೊದಲ ಹೋಟೆಲುಗಳಿಗೆ ಬರುತ್ತಿದ್ದವರು ಹೆಚ್ಚಾಗಿ ಒಂಟಿ ಗಂಡಸರು: ಗುಮಾಸ್ತರು, ವಿದ್ಯಾರ್ಥಿಗಳು, ಕೋರ್ಟು ಕಚೇರಿಗೆ ಬಂದ ಹಳ್ಳಿಗರು. ಅಂದರೆ ಹೋಟೆಲು ಹುಟ್ಟಿದ್ದು ಮನೆಯಿಂದ ದೂರವಿದ್ದ ಮಕ್ಕಳಿಗಾಗಿ. ಅದೇ ಜಾಗಕ್ಕೆ ಈಗ ಮನೆಗೆ ಮರಳಿದ ಮಕ್ಕಳನ್ನು ಕರೆದೊಯ್ಯುತ್ತೇವೆ.

ಬೋರ್ಡು ಇಳಿದ ಬಗೆ

ಹಣ ಕೊಟ್ಟವರಿಗೆಲ್ಲ ಕೂಡುವ ಹಕ್ಕು ತಾನಾಗಿ ಬಂತೆಂದು ತಿಳಿಯಬಾರದು. ಮಾವಳ್ಳಿಯ ಹೋಟೆಲಿನ ಮೊದಲ ಹೆಸರೇ ಬ್ರಾಹ್ಮಣ ಕಾಫಿ ಕ್ಲಬ್ ಎಂದಿತ್ತು. ದಕ್ಷಿಣ ಭಾರತದ ಅನೇಕ ಹೋಟೆಲುಗಳಲ್ಲಿ, ರೈಲು ನಿಲ್ದಾಣದ ಉಪಾಹಾರ ಕೋಣೆಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ, ಇತರರಿಗೆ ಬೇರೆ ಜಾಗ ಎಂಬ ವ್ಯವಸ್ಥೆ ಇತ್ತು. ದಲಿತರಿಗಂತೂ ಒಳಗೆ ಕಾಲಿಡುವಂತಿರಲಿಲ್ಲ. ಚಹಾ ಅಂಗಡಿಯ ಹೊರಗೆ ತೆಂಗಿನ ಚಿಪ್ಪೋ ಬೇರೆ ಲೋಟವೋ ಇಟ್ಟಿರುತ್ತಿದ್ದರು. ಕುಡಿದು ತಾವೇ ತೊಳೆದು ಇಡಬೇಕು.

ನನ್ನ ವಿದ್ಯಾರ್ಥಿಗಳಿಗೆ ಸಂವಿಧಾನದ ಹದಿನೈದನೆಯ ವಿಧಿಯನ್ನು ನಾನು ಬಾಯಿಪಾಠ ಮಾಡಿಸುತ್ತಿದ್ದುದು ನೆನಪಿದೆಯೆ? ಅದರ ಎರಡನೆಯ ಖಂಡವನ್ನು ಹೆಚ್ಚಿನವರು ಪರೀಕ್ಷೆಗೆಂದು ಓದಿ ಮರೆತಿರಬಹುದು. ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಕಾರಣದಿಂದ ಯಾವ ನಾಗರಿಕನನ್ನೂ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು ಮತ್ತು ಮನರಂಜನೆಯ ಸ್ಥಳಗಳಿಂದ ದೂರವಿಡಬಾರದು ಎಂಬುದು ಅದರ ತಾತ್ಪರ್ಯ. ಬಾವಿ, ಕೆರೆ, ಸ್ನಾನಘಟ್ಟಗಳ ಮಾತು ಅದರ ಬೆನ್ನಿಗೇ ಬರುತ್ತದೆ. ಇಡೀ ದೇಶದ ಮೂಲಭೂತ ಹಕ್ಕುಗಳನ್ನು ಬರೆಯುವಾಗ ಹೋಟೆಲಿನ ಹೆಸರನ್ನು ಎತ್ತಿ ಹೇಳಬೇಕಾಯಿತೆಂದರೆ, ಆ ಬಾಗಿಲು ಎಷ್ಟು ಭದ್ರವಾಗಿ ಮುಚ್ಚಿತ್ತೆಂದು ಊಹಿಸಿಕೊಳ್ಳಿ. ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಹೋಟೆಲಿಗೆ ಪ್ರವೇಶ ನಿರಾಕರಿಸುವುದನ್ನು ಶಿಕ್ಷಾರ್ಹ ಅಪರಾಧವಾಗಿಸಿದ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದದ್ದು 1955ರಲ್ಲಿ. 1976ರಲ್ಲಿ ಅದನ್ನು ಬಲಪಡಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಕರೆದರು.

ಕಾಯಿದೆ ಪುಸ್ತಕಕ್ಕೆ ಬಂದರೂ ಮನಸ್ಸಿಗೆ ಬರಲು ಕಾಲ ಹಿಡಿಯಿತು. ನನ್ನ ಸಹೋದ್ಯೋಗಿಯೊಬ್ಬರು, ಈಗ ಇಲ್ಲ, ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿದ ಸಂಗತಿಯನ್ನು ಇಲ್ಲಿ ಬರೆಯುತ್ತೇನೆ. ಅವರದು ದಲಿತ ಕುಟುಂಬ. 1974ರಲ್ಲಿ ದೂರದ ತಾಲ್ಲೂಕಿನಲ್ಲಿ ಮಾಸ್ತರಿಕೆ ಸಿಕ್ಕಿ, ಮೊದಲ ಸಂಬಳದೊಂದಿಗೆ ಊರಿಗೆ ಬಂದರು. ಬಸ್ ನಿಲ್ದಾಣಕ್ಕೆ ಅವರ ತಂದೆ ಬಂದಿದ್ದರು. ಎದುರಿಗೇ ಹೋಟೆಲು. "ಅಪ್ಪ, ಇವತ್ತು ಇಲ್ಲಿ ಊಟ ಮಾಡಿಕೊಂಡೇ ಹೋಗೋಣ" ಎಂದು ಮಗ ಕರೆದರು. ತಂದೆ ಬಾಗಿಲವರೆಗೆ ಬಂದು ನಿಂತುಬಿಟ್ಟರು. ಯಾರೂ ತಡೆಯಲಿಲ್ಲ. ಗಲ್ಲಾದ ಮೇಲಿದ್ದವರು ತಲೆಯನ್ನೂ ಎತ್ತಲಿಲ್ಲ. ಆದರೂ ಐವತ್ತು ವರ್ಷ ಹೊರಗೆ ನಿಂತ ಕಾಲುಗಳು ಒಳಗೆ ಬರಲೊಲ್ಲವು. "ನೀನು ಉಂಡು ಬಾ ಮಗ, ನಾನು ಇಲ್ಲೇ ಗಂಟು ನೋಡಿಕೊಂಡಿರುತ್ತೀನಿ" ಎಂದರಂತೆ. ಮಗ ತಂದೆಯ ಕೈಹಿಡಿದು ಒಳಗೆ ಕರೆತಂದು ಕುರ್ಚಿಯ ಮೇಲೆ ಕೂರಿಸಿದರು. ಊಟ ಮುಗಿದ ಮೇಲೆ ತಂದೆ ತಟ್ಟೆ ಎತ್ತಿಕೊಂಡು ತೊಳೆಯುವ ಜಾಗ ಎಲ್ಲಿದೆಯೆಂದು ಹುಡುಕತೊಡಗಿದಾಗ, ಕ್ಲೀನರ್ ಹುಡುಗ ಬಂದು "ಇಡಿ ಅಜ್ಜ, ಅದು ನನ್ನ ಕೆಲಸ" ಎಂದನಂತೆ. "ಆ ಹುಡುಗನ ಮಾತು ಕೇಳಿ ಅಪ್ಪ ಹೊರಗೆ ಬಂದು ಅತ್ತರು ಮೇಡಂ, ನಾನು ಅಳಲಿಲ್ಲ, ನನಗೆ ಸಿಟ್ಟು ಬಂದಿತ್ತು" ಎಂದು ಅವರು ಹೇಳಿದರು. ಅಂದು ಸ್ಟಾಫ್ ರೂಮಿನಲ್ಲಿದ್ದ ನಾವು ಯಾರೂ ಮಾತನಾಡಲಿಲ್ಲ.

ಮಗನ ಬರವನ್ನು ಹೋಟೆಲಿನ ಊಟದಿಂದ ಗುರುತಿಸಿದ ಕುಟುಂಬಗಳಲ್ಲಿ ಇದೂ ಒಂದು. ಅವರಿಗೆ ಅದು ಮನೆಯೂಟಕ್ಕೆ ಬದಲಿಯಾಗಿರಲಿಲ್ಲ. ತಂದೆಗೆ ಸಲ್ಲಬೇಕಾಗಿದ್ದ ಒಂದು ಕುರ್ಚಿಯನ್ನು ಮಗ ಕೊಡಿಸಿದ ದಿನ ಅದು.

ಪರದೆಯ ಹಿಂದಿನ ಕೋಣೆ

ಮೇಲೆ ಹೇಳಿದ ಹದಿನೈದನೆಯ ವಿಧಿಯಲ್ಲಿ ಲಿಂಗ ಎಂಬ ಪದವೂ ಇರುವುದನ್ನು ಗಮನಿಸಿ. ನಾನು ಚಿಕ್ಕವಳಿದ್ದಾಗ ಹೋಟೆಲಿಗೆ ಹೋಗುವ ಹೆಂಗಸು ಎಂದರೆ ಮೂಗು ಮುರಿಯುವ ಕಾಲ. ಸಾಲು ಬೆಂಚುಗಳ ನಡುವೆ ಗಂಡಸರ ಗದ್ದಲ, ಬೀಡಿ ಹೊಗೆ. ಅಲ್ಲಿಗೆ ಕುಟುಂಬಗಳನ್ನು ಕರೆತರಲು ಹೋಟೆಲಿನವರು ಕಂಡುಕೊಂಡ ಉಪಾಯವೇ ಫ್ಯಾಮಿಲಿ ರೂಂ. ಹಲಗೆಯಿಂದ ಅಡ್ಡಗಟ್ಟಿದ ಸಣ್ಣ ಕೋಣೆ, ನಾಲ್ಕು ಕುರ್ಚಿ, ಬಾಗಿಲಿಗೆ ಮಾಸಿದ ಪರದೆ, ಮೇಲೆ 'ಕುಟುಂಬದವರಿಗೆ ಮಾತ್ರ' ಎಂಬ ಫಲಕ. ಇಂದಿನ ಕಣ್ಣಿಗೆ ಅದು ಹೆಂಗಸರನ್ನು ಮರೆಯಲ್ಲಿಡುವ ಏರ್ಪಾಡೆಂದು ತೋರಬಹುದು, ಹಾಗೆ ಇದ್ದುದೂ ಹೌದು. ಆದರೂ ನಮ್ಮ ತಾಯಂದಿರು ಹೋಟೆಲಿನ ಒಳಗೆ ಬಂದದ್ದು ಆ ಪರದೆಯನ್ನು ಸರಿಸಿಕೊಂಡೇ.

ನಮ್ಮ ಅಮ್ಮ ಮೊದಲ ಬಾರಿಗೆ ಹೋಟೆಲಿನಲ್ಲಿ ಊಟ ಮಾಡಿದ್ದು 1963ರಲ್ಲಿ. ನನಗೆ ಆಗ ಹನ್ನೆರಡು ವರ್ಷ. ದೊಡ್ಡಣ್ಣ ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಒಂದೂವರೆ ವರ್ಷದ ಮೇಲೆ ಬರುತ್ತಿದ್ದ. ಬೀರೂರಿನಲ್ಲಿ ಗಾಡಿ ಬದಲಿಸಿ ಶಿವಮೊಗ್ಗಕ್ಕೆ ಬಂದ ಅವನನ್ನು ಕರೆತರಲು ಅಪ್ಪ, ಅಮ್ಮ, ನಾನು ಸ್ಟೇಷನ್ನಿಗೆ ಹೋಗಿದ್ದೆವು. ಊರಿನ ಬಸ್ಸಿಗೆ ಮೂರು ಗಂಟೆ ಕಾಯಬೇಕಿತ್ತು. ಅಣ್ಣನ ಮುಖ ಹಸಿವಿನಿಂದ ಸೊರಗಿದ್ದನ್ನು ನೋಡಿ ಅಪ್ಪ, ಎಂದೂ ಹಾಗೆ ಮಾಡದವರು, ಎಲ್ಲರನ್ನೂ ಹೋಟೆಲಿಗೆ ಕರೆದೊಯ್ದರು. ಪರದೆಯ ಕೋಣೆಯಲ್ಲಿ ನಾಲ್ಕು ಎಲೆ ಬಿದ್ದವು. ಅಮ್ಮ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಮಾಣಿ ಸಾರು ಬಡಿಸುವಾಗ ಎರಡು ಸಲ ಎದ್ದು ನಿಂತರು, ಸೌಟು ತಾವೇ ತೆಗೆದುಕೊಳ್ಳುವವರ ಹಾಗೆ. ಅಪ್ಪ "ಕೂತುಕೋ" ಎಂದರು. ತಮ್ಮ ಎಲೆಯ ಹಪ್ಪಳವನ್ನು ಅಣ್ಣನ ಎಲೆಗೆ ಹಾಕಿದರು, ಅಣ್ಣ ಅದನ್ನು ಮುರಿದು ಅರ್ಧ ಹಿಂದಕ್ಕೆ ಕೊಟ್ಟ. ನಿಧಾನವಾಗಿ ಅಮ್ಮ ಮಾತಿಗಿಳಿದರು. ಭಿಲಾಯಿಯ ಚಳಿ ಹೇಗೆ, ಅಲ್ಲಿ ಅಕ್ಕಿ ಸಿಗುತ್ತದೆಯೆ, ಬಟ್ಟೆ ಯಾರು ಒಗೆಯುತ್ತಾರೆ ಎಂದು ಊಟದ ನಡುವೆಯೇ ಕೇಳುತ್ತ ಹೋದರು. ಅಮ್ಮ ಉಣ್ಣುತ್ತ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಸ್ಸಿನಲ್ಲಿ ಕುಳಿತ ಮೇಲೆ ನನ್ನ ಕಿವಿಯಲ್ಲಿ ಹೇಳಿದರು: "ಅಜ್ಜಿಗೆ ಹೇಳಬೇಡ ಕಣೇ." ಮನೆಗೆ ಬಂದ ಮೇಲೆ ಅಜ್ಜಿ ಕಾದಿರಿಸಿದ್ದ ಅನ್ನವನ್ನು ನಾವು ನಾಲ್ವರೂ ಇನ್ನೊಮ್ಮೆ ಉಂಡೆವು.

ಹೋಟೆಲೆಂಬುದು ಇನ್ನೂ ಐಷಾರಾಮದ ಮಾತಾಗಿದ್ದ ಕಾಲ ಅದು. 1965ರಲ್ಲಿ ಆಹಾರದ ಕೊರತೆ ಬಿಗಡಾಯಿಸಿದಾಗ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಕೇಳಿಕೊಂಡರು. ದೇಶದ ಅನೇಕ ಕಡೆ ಸೋಮವಾರ ರಾತ್ರಿ ಹೋಟೆಲುಗಳೂ ಬಾಗಿಲು ಮುಚ್ಚಿದವು. ನಮ್ಮ ಮನೆಯಲ್ಲಿ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲ.

ಮೇಜು ಒರೆಸಿದ ಮಕ್ಕಳು

ಹೋಟೆಲಿನ ಚರಿತ್ರೆಯನ್ನು ಮಾಲೀಕರ ಮತ್ತು ಗಿರಾಕಿಗಳ ಚರಿತ್ರೆಯಾಗಿ ಬರೆದು ಮುಗಿಸಿದರೆ ಶಿಕ್ಷಕಿಯಾದ ನನ್ನ ಮನಸ್ಸು ಒಪ್ಪುವುದಿಲ್ಲ. ಒಬ್ಬರ ಮನೆಯ ಮಗ ಬಂದ ಸಂತೋಷಕ್ಕೆ ಊಟ ನಡೆಯುವ ಮೇಜನ್ನು ಒರೆಸುತ್ತಿದ್ದವನು ಇನ್ನೊಬ್ಬರ ಮನೆಯ ಮಗ, ಅದೂ ಹತ್ತು ಹನ್ನೆರಡು ವರ್ಷದವನು. ಹೋಟೆಲಿನಲ್ಲಿ ಬಡಿಸುವವನನ್ನು ನಾವು ಮಾಣಿ ಎಂದು ಕರೆಯುತ್ತೇವೆ. ಕುಂದಾಪುರದ ಕಡೆ ಮಾಣಿ ಎಂದರೆ ಹುಡುಗ. ಆ ಪದವೇ ಅವರ ವಯಸ್ಸನ್ನು ಹೇಳುತ್ತದೆ.

ಘಟ್ಟದ ಅಂಚಿನ ನಮ್ಮ ಶಾಲೆಗಳಲ್ಲಿ ಮಳೆಗಾಲ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ ಒಂದಿಬ್ಬರು ಹುಡುಗರ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬೀಳುತ್ತಿತ್ತು. ವಿಚಾರಿಸಿದರೆ "ಬೊಂಬಾಯಿಗೆ ಹೋದ" ಎನ್ನುತ್ತಿದ್ದರು. ಲೋಟ ತೊಳೆಯುವುದರಿಂದ ಆರಂಭಿಸಿ ಮೇಜು ಒರೆಸುವವನಾಗಿ, ಸಪ್ಲೈಯರ್ ಆಗಿ, ಅದೃಷ್ಟವಿದ್ದರೆ ಗಲ್ಲಾದವರೆಗೆ ಏರುವುದು ಆ ದಾರಿ. ರಾತ್ರಿ ಅದೇ ಮೇಜುಗಳನ್ನು ಜೋಡಿಸಿ ಮಲಗುವುದು. ಮುಂಬಯಿಯ ಕನ್ನಡಿಗರು ನಡೆಸಿದ ರಾತ್ರಿ ಶಾಲೆಗಳ ಉಪಕಾರವನ್ನು ಇಲ್ಲಿ ನೆನೆಯಲೇಬೇಕು. ಹಗಲೆಲ್ಲ ದುಡಿದ ಎಷ್ಟೋ ಹುಡುಗರು ಅಲ್ಲಿ ಕನ್ನಡದಲ್ಲಿಯೇ ಓದಿ ಮುಂದೆ ಬಂದರು.

ನನ್ನ ಎಂಟನೆಯ ತರಗತಿಯಿಂದ 1983ರಲ್ಲಿ ಹೀಗೆ ಹೊರಟುಹೋದ ಹುಡುಗನೊಬ್ಬ ಮೂರು ವರ್ಷದ ಮೇಲೆ ದೀಪಾವಳಿಗೆ ಊರಿಗೆ ಬಂದವನು ಶಾಲೆಗೂ ಬಂದ. ತಾಯಿಗೆ ಏನು ತಂದೆಯೋ ಎಂದು ಕೇಳಿದೆ. "ಸೀರೆ ತಂದೆ ಮೇಡಂ. ಆದರೆ ಒಂದು ತಮಾಷೆಯಾಯಿತು. ಅಮ್ಮ ಎಲೆ ಹಾಕಿ ಬಡಿಸುವುದಕ್ಕೆ ಬಂದಳು, ನನಗೆ ಸುಮ್ಮನೆ ಕೂರಲು ಆಗಲಿಲ್ಲ. ಅವಳನ್ನೇ ಕೂರಿಸಿ ನಾನೇ ಬಡಿಸಿದೆ. ನಾನು ಬೇಗ ಬೇಗ ಬಡಿಸುವುದನ್ನು ನೋಡಿ ನಕ್ಕಳು, ಆಮೇಲೆ ಅತ್ತಳು" ಎಂದ. ಆತ ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ. ಈಗ ತನ್ನದೇ ಒಂದು ಹೋಟೆಲು ನಡೆಸುತ್ತಾನೆ. ಇದನ್ನು ಅವನೂ ಓದುತ್ತಾನೆಂದು ಬಲ್ಲೆ. ಹೆಸರು ಬರೆಯಬೇಡಿ ಎಂಬುದು ಅವನ ಮಾತು.

ಹೋಟೆಲು ಕಾರ್ಮಿಕರೇ ಒಡೆಯರಾದ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಕೆಲಸಗಾರರು ತಮ್ಮ ಮೊದಲ ಸಹಕಾರ ಸಂಘವನ್ನು 1957ರಲ್ಲಿ ಕಟ್ಟಿದ್ದು ಬೆಂಗಳೂರಿನಲ್ಲಿ. ಇನ್ನು ಮಕ್ಕಳ ದುಡಿಮೆಯ ವಿಷಯಕ್ಕೆ ಬಂದರೆ, 1986ರಲ್ಲಿ ಬಾಲಕಾರ್ಮಿಕ ಕಾಯಿದೆ ಬಂದರೂ ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದನ್ನು ನಿಷೇಧಿಸಿದ ಆದೇಶ ಜಾರಿಯಾದದ್ದು 2006ರ ಅಕ್ಟೋಬರ್ 10ರಂದು. ಇಪ್ಪತ್ತು ವರ್ಷ ತಡ. ಅಷ್ಟರಲ್ಲಿ ನನ್ನ ಹಾಜರಿ ಪುಸ್ತಕದ ಎಷ್ಟು ಹೆಸರುಗಳು ಅಳಿಸಿಹೋಗಿದ್ದವು ಎಂಬುದನ್ನು ನಾನು ಬಲ್ಲೆ.

ತಟ್ಟೆಯಲ್ಲಿ ಬಂದದ್ದೇನು

ಈಗ ಊಟದ ಪದಾರ್ಥಗಳನ್ನು ನೋಡೋಣ. ಮಕ್ಕಳು ಬಂದಾಗ ನಾವು ಹೋಗುವ ಹೋಟೆಲುಗಳಲ್ಲಿ ತರಿಸುವ ಊಟ ಒಂದೇ ಅಚ್ಚಿನದು: ಮೊದಲು ಟೊಮೆಟೊ ಸೂಪು, ಗೋಬಿ ಮಂಚೂರಿ, ಆಮೇಲೆ ನಾನ್ ಮತ್ತು ಪನೀರಿನ ಪಲ್ಯ, ಮೊಸರನ್ನ, ಕೊನೆಗೆ ಐಸ್‌ಕ್ರೀಂ. ಇದರಲ್ಲಿ ಮೊಸರನ್ನವೊಂದನ್ನು ಬಿಟ್ಟರೆ ನಮ್ಮ ಅಜ್ಜಿಯರಿಗೆ ಗುರುತು ಸಿಗುವ ಪದಾರ್ಥ ಒಂದೂ ಇಲ್ಲ. ತಂದೂರಿ ಊಟ ದೇಶದ ಹೋಟೆಲುಗಳಿಗೆ ಹರಡಿದ್ದು 1947ರ ವಿಭಜನೆಯ ಮೇಲೆ ಪಂಜಾಬಿನ ನಿರಾಶ್ರಿತರು ದೆಹಲಿಯಲ್ಲಿ ತೆರೆದ ಹೋಟೆಲುಗಳಿಂದ. ಮಂಚೂರಿಯನ್ನು ಮುಂಬಯಿಯಲ್ಲಿ 1970ರ ದಶಕದಲ್ಲಿ ನೆಲ್ಸನ್ ವಾಂಗ್ ಎಂಬ ಚೀನೀ ಮೂಲದ ಅಡುಗೆಯವರು ಕೋಳಿಯಿಂದ ಮಾಡಿದರೆನ್ನುತ್ತಾರೆ. ಅದು ಕೋಸಿನ ರೂಪ ತಾಳಿ ಕರ್ನಾಟಕದ ಮೂಲೆಮೂಲೆಗೂ ಬಂದಿತು. ಅದಕ್ಕೆ ಹಾಕುವ ಕೃತಕ ಬಣ್ಣವನ್ನು 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರವೇ ನಿಷೇಧಿಸಬೇಕಾಯಿತು. ಗಡಬಡ್ ಐಸ್‌ಕ್ರೀಂ ಮಾತ್ರ ನಮ್ಮ ಕರಾವಳಿಯದೇ.

ನಾನು ಕಂಡ ಒಂದು ವಿಚಿತ್ರವೆಂದರೆ, ಈ ಊಟ ತಂದೆತಾಯಿಗಳಿಗೆ ವಿಶೇಷ, ಬಂದ ಮಕ್ಕಳಿಗಲ್ಲ. ಕೆನಡಾದಲ್ಲಿರುವ ನನ್ನ ಮಗಳು ಬಂದಾಗ ನಾವು ಹವಾನಿಯಂತ್ರಿತ ಹೋಟೆಲಿನಲ್ಲಿ ಮೇಜು ಕಾದಿರಿಸಿದರೆ, ಅವಳಿಗೆ ಬೇಕಾದದ್ದು ಹಳೆಯ ಹೋಟೆಲಿನ ಮಸಾಲೆ ದೋಸೆ, ಕಲ್ಲುಹಾಸಿನ ಮೇಜು, ಸ್ಟೀಲ್ ಲೋಟದ ಕಾಫಿ. ದೂರ ಹೋದವರಿಗೆ ಊರೆಂದರೆ ತಾವು ಬಿಟ್ಟುಹೋದ ರುಚಿ. ಊರಿನಲ್ಲಿ ಉಳಿದ ನಮಗೆ ಹಬ್ಬವೆಂದರೆ ದಿನವೂ ಉಣ್ಣದ ರುಚಿ. ಹೀಗೆ ಒಬ್ಬರನ್ನೊಬ್ಬರು ಮೆಚ್ಚಿಸಲು ಹೋಗಿ ಇಬ್ಬರೂ ತಮಗೆ ಬೇಡದ್ದನ್ನು ಉಂಡು ಬರುವುದುಂಟು.

ಹೋಟೆಲಿನ ರುಚಿ ಮಕ್ಕಳ ಬೆನ್ನುಹತ್ತಿ ಹೋದ ಕಥೆಯೂ ಇದೆ. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಹೋಟೆಲು ತಿಂಡಿಗಳ ಬೆಲೆಗೆ ಸರ್ಕಾರ ಮಿತಿ ಹಾಕಿತು. ಗುಣ ಕೆಡಿಸಿ ಬಡಿಸಲು ಒಪ್ಪದ ಎಂಟಿಆರ್ ಹೋಟೆಲು ಮುಚ್ಚಿ, ಕೆಲಸಗಾರರನ್ನು ಕೈಬಿಡದಿರಲು ರವೆ ಇಡ್ಲಿಯಂತಹ ತಿಂಡಿಗಳ ಸಿದ್ಧ ಮಿಶ್ರಣ, ಮಸಾಲೆ ಪುಡಿಗಳ ತಯಾರಿಕೆಗೆ ಕೈಹಾಕಿತು. ಮುಂದೆ ಎಷ್ಟೋ ತಾಯಂದಿರು ವಿಮಾನ ಹತ್ತುವ ಮಕ್ಕಳ ಪೆಟ್ಟಿಗೆಯಲ್ಲಿ ತುಂಬಿದ್ದು ಅದೇ ಪೊಟ್ಟಣಗಳನ್ನು. ಹಿಂದೆ ಮನೆಯ ಬುತ್ತಿ ಹೋಟೆಲನ್ನು ದೂರವಿಡುತ್ತಿತ್ತು. ಈಗ ಹೋಟೆಲೇ ಬುತ್ತಿಯಾಗಿ ಮನೆಯಿಂದ ಹೊರಟಿತು.

ಹಾಗಾದರೆ ಯಾವ ಪಕ್ಷ?

ಹಿರಿಯರ ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ತಾಯಿಯ ಕೈಯ ಒಂದು ಸಾರಿಗೆ ಯಾವ ಹೋಟೆಲೂ ಸಾಟಿಯಲ್ಲ. ಎಲ್ಲರೂ ತಮ್ಮ ತಮ್ಮ ಮೊಬೈಲು ನೋಡುತ್ತ ಕುಳಿತಿದ್ದರೆ ಆ ಮೇಜಿಗೂ ಬಸ್ ನಿಲ್ದಾಣದ ಬೆಂಚಿಗೂ ವ್ಯತ್ಯಾಸವಿಲ್ಲ. ಖರ್ಚಿನ ಮಾತು ಬೇರೆಯೇ ಇದೆ. ಆದರೆ ಮನೆಯೂಟದ ಆ ಸವಿಯ ಬೆಲೆಯನ್ನು ಕೊಡುತ್ತಿದ್ದವಳು ಒಬ್ಬಳೇ ಎಂಬುದನ್ನು ಮರೆತು ಹಳೆಯ ಕಾಲವನ್ನು ಹೊಗಳಿದರೆ ಅದು ಅರ್ಧ ಚರಿತ್ರೆ. ಬಂದ ಮಗಳು ಇರುವುದು ಹದಿನೈದೇ ದಿನ. ಅದರಲ್ಲಿ ಎಷ್ಟು ಗಂಟೆ ತಾಯಿ ಒಲೆಯ ಮುಂದೆ ಇರಬೇಕು, ಎಷ್ಟು ಗಂಟೆ ಮಗಳ ಮುಂದೆ ಇರಬೇಕು? ನನ್ನ ಉತ್ತರ ಇಷ್ಟೇ: ಮನೆಯಲ್ಲಿ ಅಡುಗೆ ಮಾಡಿದ ದಿನವೂ ತಾಯಿ ಮಕ್ಕಳ ಜತೆಗೇ ಕೂಡುವಂತಿದ್ದರೆ ಹೋಟೆಲಿನ ಅಗತ್ಯವೇ ಇಲ್ಲ. ಹಾಗಿಲ್ಲದ ಮನೆಗಳಲ್ಲಿ ಹೋಟೆಲಿನ ಊಟವನ್ನು ಮೂದಲಿಸುವ ಹಕ್ಕು ಯಾರಿಗೂ ಇಲ್ಲ.

ಹೊರನಾಡಿನಲ್ಲಿರುವ ನನ್ನ ವಿದ್ಯಾರ್ಥಿಗಳೇ, ಮುಂದಿನ ಬಾರಿ ನೀವು ಬಂದಾಗ ಮನೆಯವರೆಲ್ಲ ಹೋಟೆಲಿಗೆ ಹೊರಟರೆ ಸಂತೋಷವಾಗಿ ಹೋಗಿ. ಬಡಿಸುವವರ ಊರು ಯಾವುದೆಂದು ಒಂದು ಮಾತು ಕೇಳಿ. ಅವರಲ್ಲಿ ಈಗ ಅನೇಕರು ಅಸ್ಸಾಮು, ಒಡಿಶಾ, ನೇಪಾಳಗಳಿಂದ ಬಂದವರು, ಅವರೂ ತಮ್ಮ ಮನೆಗೆ ವರ್ಷಕ್ಕೊಮ್ಮೆ ಹೋಗುವ ಮಕ್ಕಳೇ. ಬಿಲ್ಲನ್ನು ನೀವು ಕೊಡಲು ಮುಂದಾದರೆ ನಿಮ್ಮ ತಂದೆ ಬೇಡವೆನ್ನುತ್ತಾರೆ. ಎರಡನೆಯ ಸಲ ಹೇಳಿದಾಗ ಸುಮ್ಮನಾಗುತ್ತಾರೆ. ಆ ಮೌನದಲ್ಲಿ ಅವರಿಗೆ ಹೆಮ್ಮೆಯೂ ಇರುತ್ತದೆ, ತಮಗೆ ವಯಸ್ಸಾಯಿತೆಂಬ ಅರಿವೂ ಇರುತ್ತದೆ, ಆದ್ದರಿಂದ ಗಡಿಬಿಡಿ ಮಾಡಬೇಡಿ. ಇನ್ನೊಂದು ಮಾತು. ಮೆನು ಕಾರ್ಡು ಬಂದ ಕೂಡಲೆ ಅದನ್ನು ಮೊದಲು ನಿಮ್ಮ ತಾಯಿಯ ಕೈಗೆ ಕೊಡಿ. "ನಿಮಗೇನು ಬೇಕೋ ಅದೇ ನನಗೂ ಸಾಕು" ಎನ್ನುತ್ತಾರೆ. ನಂಬಬೇಡಿ. ಇನ್ನೊಮ್ಮೆ ಕೇಳಿ, ಅವರು ಹೇಳುವವರೆಗೂ ಕಾಯಿರಿ.